ಮಗುಚುವುದು

ಮಳೆಗಾಲಕ್ಕೆ ಮುಂಚಿನ ಕೊನೆಯ ಅದಿರಿನ ಹಡಗು
ಬೈತಖೋಲಿನಲ್ಲಿ ಅವನನ್ನು ಬಿಟ್ಟು ಹೋಯಿತು,
ಮುರಿದ ತೊಡೆಯ ಸಮೇತ.
ಹಡಗಿನ ಅಡುಗೆಯವ. ತಾವ್ ಎಂದು ಹೆಸರು.
ಸಿವಿಲ್ ಆಸ್ಪತ್ರೆಯ ಮೂಳೆ ವಾರ್ಡಿನಲ್ಲಿ
ಪಕ್ಕದ ಹಾಸಿಗೆ ನನ್ನ ಭಾವನದು.
ಹಾಗೆ ಪರಿಚಯ. ಹಾಗೆ ದಿನಾ ಸಂಜೆ
ಎರಡು ಡಬ್ಬಿ ಗಂಜಿ, ಒಂದೇ ಉಪ್ಪಿನಕಾಯಿ.

ಅವನ ಇಂಗ್ಲಿಷಿಗೂ ನನ್ನ ಇಂಗ್ಲಿಷಿಗೂ
ಅವನ ಕಾಲಿನಷ್ಟೇ ಬಲ.
ಕೋರ್ಟಿನಲ್ಲಿ ಕೆಲಸ, ಅಂದೆ. ನಕಲು ವಿಭಾಗ.
ಅಸಲು ನೋಡಿ ಬರೆಯುವುದು, ತಾಳೆ ನೋಡುವುದು,
ಮೊಹರು ಒತ್ತುವುದು: ಇದು ಅದೇ, ಬೇರೆಯಲ್ಲ.
ಬಹಳ ಹೊತ್ತು ಸುಮ್ಮನಿದ್ದ.
ನನ್ನಪ್ಪ ಜಡ್ಜು, ಅಂದ.

ಜಡ್ಜನ್ನು ಅಂಗಳದಲ್ಲಿ ನಿಲ್ಲಿಸಿ
ಕೊರಳಿಗೆ ಹಲಗೆ ಕಟ್ಟಿದ ವರ್ಷ
ಕಚೇರಿಗೆ ಬೀಗ, ವಕೀಲರು ಹಂದಿ ಸಾಕಲು ಹೋಗಿದ್ದರಂತೆ.
ಇವನಿಗೆ ಹನ್ನೊಂದು.
ಶಾಲೆಯಲ್ಲಿ ಹಾಳೆ ಕೊಟ್ಟರು:
ಬರೆ, ಮನೆಯಲ್ಲಿ ಅಪ್ಪ ಏನೇನು ಅಂತಾನೆ.
ಬರೆದ.
ಒಂದು ಪುಟ ಸಾಲದು ಅಂದರು. ಇನ್ನೊಂದು ಬರೆದ.

ಎಪ್ಪತ್ತೊಂಬತ್ತರಲ್ಲಿ ದೇಶಕ್ಕೆ ಹೊಸ ಕಾನೂನು ಪುಸ್ತಕ ಬಂತು,
ಮನೆಗೆ ಇಬ್ಬರು ಬಂದರು, ಸೈಕಲ್ಲಿನಲ್ಲಿ.
ಕಾಗದ ಓದಿದರು: ತಪ್ಪಾಗಿತ್ತು, ಸರಿಪಡಿಸಿದ್ದೇವೆ.
ಅಪ್ಪ ಸತ್ತು ಏಳು ವರ್ಷ.
ಅವರ ಭಾಷೆಯಲ್ಲಿ ಅದಕ್ಕೊಂದು ಪದ ಉಂಟಂತೆ;
ಸಿಗದೆ, ಅಂಗೈ ಚಾಚಿ ಬೆನ್ನು ಮೇಲೆ ಮಾಡಿ ತೋರಿಸಿದ.
ಪ್ರಕರಣವನ್ನು ಹೀಗೆ ಮಾಡುವುದು.
ಮಗುಚುವುದು, ಅಂದೆ ನಾನು, ಕನ್ನಡದಲ್ಲೇ.
ದೋಸೆಗೂ ಅದೇ, ದೋಣಿಗೂ ಅದೇ.

ಆಮೇಲೆ ಕಡತ ಬಿಚ್ಚಿ, ಹಳೆಯ ಆರೋಪದ ಹಾಳೆಗಳನ್ನೆಲ್ಲ
ಅವ್ವನ ಎದುರೇ, ಮುಖ ತೊಳೆವ ಬೋಗುಣಿಯಲ್ಲಿಟ್ಟು ಸುಟ್ಟರು.
ಅದೂ ನ್ಯಾಯದ ಭಾಗ. ಇನ್ನು ಯಾರೂ ಓದಬಾರದು.
ನನ್ನ ಎದೆ ಧಸಕ್ಕೆಂದಿತು:
ಮೂವತ್ತು ವರ್ಷದಲ್ಲಿ ಗೆದ್ದಲಿಗೂ
ಒಂದು ಹಾಳೆ ಬಿಟ್ಟುಕೊಟ್ಟವನಲ್ಲ.
ಬೆಂಕಿಗೆ ಹೋಗುವ ಮುನ್ನ ಒಂದನ್ನು ಅವ್ವ ಎತ್ತಿಕೊಂಡಳಂತೆ,
ಕಿಟಕಿಯ ಬೆಳಕಿಗೆ ಹಿಡಿದಳಂತೆ.
ಅಕ್ಷರ ಎಷ್ಟು ಚೊಕ್ಕ ಇದೆ, ಅಂದಳಂತೆ.
ಅಷ್ಟೇ. ಹಾಕಿದಳು.

ಅಪ್ಪನಿಗೆ ತೀರ್ಪು ಬಂತು. ನನಗೆ ಬರಲೇ ಇಲ್ಲ.
ನಿಮ್ಮಲ್ಲಿ ಅರ್ಜಿ ಉಂಟಾ, ಕೇಳಿದ,
ಯಾರೂ ಆರೋಪ ಹೊರಿಸದವನಿಗೆ?
ಏನು ಹೇಳಲಿ.
ಇತ್ಯರ್ಥವಾದದ್ದಕ್ಕೆ ಮಾತ್ರ ನಕಲು.
ಪುಟಕ್ಕೆ ಇಷ್ಟು, ನಾಲ್ಕು ದಿನ.

ಅವನಿಗೆ ಹೇಳದೆ ಉಳಿಸಿಕೊಂಡದ್ದು ಇದು:
ನಮ್ಮ ರೆಕಾರ್ಡ್ ರೂಮಿನ ಮೂರನೇ ಕಪಾಟಿನಲ್ಲಿ
ಅಂಕೋಲೆ ಸೀಮೆಯವರು ಕರ ಕೊಡೆವು ಎಂದು
ಜೈಲಿಗೆ ಹೋದ ವರ್ಷದ ಲಿಲಾವಿನ ತಕರಾರಿನ ಕಟ್ಟು.
ಹಮ್ಮಣ್ಣನ ಗದ್ದೆಗೆ ಇಡೀ ಊರು
ಸವಾಲು ಕೂಗದೆ ಬಾಯಿ ಹೊಲಿದು ನಿಂತಾಗ
ಕೂಗಿದ ಒಬ್ಬನ ಹೆಬ್ಬೆಟ್ಟು.
ಗದ್ದೆಯೇನೋ ಸರ್ಕಾರ ಬದಲಾದ ಮೇಲೆ ತಿರುಗಿ ಹೋಯಿತು,
ಹೆಬ್ಬೆಟ್ಟು ಅಲ್ಲೇ ಇದೆ. ಅಜ್ಜನದು.
ಆ ಮನೆಯ ಮೊಮ್ಮಕ್ಕಳು ನಮ್ಮ ಬಾವಿಯ ನೀರು
ಇವತ್ತಿಗೂ ಕುಡಿಯುವುದಿಲ್ಲ.
ಬೀಗದ ಕೈ ನನ್ನ ಸೊಂಟದಲ್ಲಿ.
ಬೆಂಕಿಪೆಟ್ಟಿಗೆ ಕ್ಯಾಂಟೀನಿನಲ್ಲಿ, ಒಂದು ರೂಪಾಯಿ.

ಏಜೆಂಟನ ಜೀಪು ಅವನನ್ನು ಗೋವೆಗೆ ಒಯ್ದ ದಿನ
ದಂಡೆಯಲ್ಲಿ ಹರಿಕಂತ್ರರು ದೋಣಿ ಮಗುಚುತ್ತಿದ್ದರು.
ನೀರಿನಲ್ಲಾದರೆ ಸಾವು;
ಮರಳಿನಲ್ಲಿ, ಮಳೆಗಾಲ ಕಳೆಯಲಿಕ್ಕೆ.
ಹನ್ನೆರಡು ಹೆಗಲು ಬೇಕು. ಕರೆದರು. ನಾನೂ ಕೊಟ್ಟೆ.
ಅಡಿ ಮೇಲಾಯಿತು: ವರ್ಷದ ಚಿಪ್ಪು, ಪಾಚಿ,
ಯಾವುದೋ ಬಂಡೆ ತಾಗಿದ ಉದ್ದ ಗೀರು.
ತೇಲುವಾಗ ಯಾರಿಗೂ ಕಾಣದ್ದು.
ಒಬ್ಬ ಹುಡುಗ ಕುಕ್ಕರಗಾಲಲ್ಲಿ ಕೂತು ಗೀರು ಸವರಿದ.
ಇದು ಯಾವಾಗ ಆದದ್ದು?
ನೆನಪಿಲ್ಲ ಎಂದು ಯಾರೂ ಅನ್ನಲಿಲ್ಲ.
ಎಣ್ಣೆ ಡಬ್ಬಿ ತಾ, ಅಂದರು.